ಅರ್ಧ ಗೇಣು ಎತ್ತರದ ನೆಲ

ನಮ್ಮ ಡಾನ್ಸ್ ಮಿಸ್ ಪಾದಕ್ಕೆ ಹೆಂಗಸರ ಚಪ್ಪಲಿ ಯಾವುದೂ ಹಿಡಿಸುತ್ತಿರಲಿಲ್ಲ. ಚಿಕ್ಕಂದಿನಿಂದ ಬರಿಗಾಲಲ್ಲಿ ನೆಲ ತಟ್ಟಿ ತಟ್ಟಿ ಪಾದ ಅಗಲವಾಗಿ, ಬೆರಳುಗಳು ಮುನಿಸಿಕೊಂಡ ಓರಗಿತ್ತಿಯರ ಹಾಗೆ ದೂರ ದೂರ ನಿಂತಿದ್ದವು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಾಲಿಗೆ ಗಂಡಸರ ಸ್ಯಾಂಡಲ್ ಮೆಟ್ಟಿಕೊಂಡು ಆರ್.ಟಿ. ನಗರದ ತರಕಾರಿ ಅಂಗಡಿಗೆ ಹೊರಟರೆ ಹೊಸಬರು ತಿರುಗಿ ನೋಡುತ್ತಿದ್ದರು. "ನೋಡ್ಲಿ ಬಿಡೇ, ಮುಖ ನೋಡೋರು ಬೇಕಾದಷ್ಟು ಜನ ಇದಾರೆ. ಕಾಲು ನೋಡೋರು ಯಾರಿದಾರೆ?" ಅನ್ನುತ್ತಿದ್ದರು.

ಅವರ ಮನೆಯ ಹಾಲೇ ನಮ್ಮ ಕ್ಲಾಸು. ನಾನು ಅಲ್ಲಿಗೆ ಹೋಗಲು ಶುರು ಮಾಡಿದ್ದು ಹಲ್ಲು ಬಿದ್ದ ವಯಸ್ಸಿನಲ್ಲಿ. ಆಮೇಲೆ ಓದು, ಯಲಹಂಕದ ಬ್ಯಾಂಕಿನಲ್ಲಿ ಕೆಲಸ, ಮದುವೆ, ಮಗು, ಎಲ್ಲ ಆದರೂ ಸಂಜೆಯ ಕ್ಲಾಸು ಬಿಡಲಿಲ್ಲ. ಮಿಸ್ ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ಇದ್ದರು. ಬೆತ್ತದ ಕುರ್ಚಿಯಲ್ಲಿ ಕೂತು ತಾಳದ ಕೋಲಿನಿಂದ ಮಣೆ ತಟ್ಟುತ್ತಾ, ನಡುವೆ ಎದ್ದು ಬಂದು ಅದೇ ಕೋಲಿನ ತುದಿಯಿಂದ ನಮ್ಮ ಸೊಂಟ, ಮೊಣಕೈ ಸರಿಮಾಡುತ್ತಿದ್ದರು. ಮಂಡಿ ಅಗಲಿಸಿ ಅರ್ಧ ಕೂತು ನಿಲ್ಲಬೇಕಾದಲ್ಲಿ ಯಾರಾದರೂ ಸ್ವಲ್ಪ ಎದ್ದರೂ, "ಯಾಕೆ ಮಹಾರಾಣಿ, ಬಸ್ಸು ಬಂತಾ?" ಅನ್ನುವರು. ಹೊಗಳಿಕೆ ಅವರ ಬಾಯಿಂದ ಬಂದದ್ದು ನಾನಂತೂ ಕೇಳಿಲ್ಲ. ಚೆನ್ನಾಗಿ ಮಾಡಿದರೆ ಸುಮ್ಮನಿರುತ್ತಿದ್ದರು, ನಾವು ಅದನ್ನೇ ಪ್ರಶಸ್ತಿ ಅಂತ ಮನೆಗೆ ಒಯ್ಯುತ್ತಿದ್ದೆವು.

ಆ ಹಾಲಿಗೆ ಮೊಸಾಯಿಕ್ ನೆಲ. ಕಲ್ಲಿಗೂ ಅದಕ್ಕೂ ಏನು ವ್ಯತ್ಯಾಸ? ಅದರ ಮೇಲೆ ಜೀವಮಾನವಿಡೀ ಕುಣಿದ ಮಿಸ್ ಮಂಡಿಗಳು ಐವತ್ತು ದಾಟುವಷ್ಟರಲ್ಲಿ ಕೆಟ್ಟಿದ್ದವು. ಕಡೆಕಡೆಗೆ ವಾಕರ್ ಹಿಡಿದೇ ಓಡಾಟ. ಅದನ್ನು ನೋಡಿಯೂ ನಮಗೆ ಬುದ್ಧಿ ಬರಲಿಲ್ಲ, ಮಂಡಿ ಹೋಗುವುದು ವಯಸ್ಸಾದವರಿಗೆ ಮಾತ್ರ ಅಂದುಕೊಂಡಿದ್ದೆವು. ಒಂದು ದಿನ ನನ್ನ ಮುಂಗಾಲಿನ ಮೂಳೆ ಹಿಡಿದುಕೊಂಡು ಕೆಳಗೆ ಕೂತವಳಿಗೆ ಏಳಲಾಗಲಿಲ್ಲ. ಹೆಬ್ಬಾಳದ ಮೂಳೆ ಡಾಕ್ಟರು ಎಕ್ಸ್‌ರೇ ಎತ್ತಿ ತೋರಿಸಿ, ಕೂದಲೆಳೆಯಷ್ಟು ಬಿರುಕು, ಗಟ್ಟಿ ನೆಲದ ಮೇಲೆ ತಟ್ಟಿ ತಟ್ಟಿ ಆದದ್ದು, ವಾಸಿಯಾಗುತ್ತದೆ, ಆದರೆ ಇನ್ನು ಮೇಲೆ ಕಲ್ಲು ನೆಲದ ಮೇಲೆ ಕುಣಿಯಬೇಡಿ ಅಂದರು. ನನಗೆ ಅಳು ಬಂದದ್ದು ನೋವಿಗಲ್ಲ. ಬ್ಯಾಂಕು ಬ್ಯಾಂಕಿನದು, ಮನೆ ಎಲ್ಲರದು. ನನ್ನದು ಅಂತ ನನಗಿದ್ದದ್ದು ಆ ಸಂಜೆಯ ಕುಣಿತ ಒಂದೇ.

ಮಿಸ್ ಸಮಾಧಾನ ಹೇಳುವ ಪೈಕಿಯಲ್ಲ. "ಅತ್ತಿದ್ದು ಸಾಕು. ಕಾಲು ಬದಲಾಯಿಸೋಕಾಗಲ್ಲ, ನೆಲ ಬದಲಾಯಿಸೋಣ. ಮರದ ನೆಲ ಹಾಕಿಸ್ತೀನಿ, ಬಾ" ಅಂದರು.

ಹೀಗೆ ನಾವಿಬ್ಬರು, ಒಬ್ಬರು ವಾಕರಿನಲ್ಲಿ, ಇನ್ನೊಬ್ಬಳು ಕುಂಟಿಕೊಂಡು, ಯಶವಂತಪುರದ ಕಡೆಯ ಒಂದು ಶೋರೂಮಿಗೆ ಹೋದೆವು. ಟೈ ಕಟ್ಟಿದ ಸೇಲ್ಸಿನವರು ಓಡಿ ಬಂದು, "ಲಿವಿಂಗ್ ರೂಮಿಗಾ ಮೇಡಂ, ಬೆಡ್‌ರೂಮಿಗಾ?" ಅಂತ ಕೇಳಿದರು.

"ಒದೆಯೋದಕ್ಕೆ ಕಣಪ್ಪ" ಅಂದರು ಮಿಸ್. "ದಿನಾ ಸಾಯಂಕಾಲ ಒಂದು ಹಿಂಡು ಹುಡುಗೀರು ಒದೀತಾರೆ."

ಪಾಪ, ಆತ ನನ್ನ ಮುಖ ನೋಡಿದರು. ನಾನು ಬಿಡಿಸಿ ಹೇಳಿದೆ. ಮೊದಲು ಲ್ಯಾಮಿನೇಟ್ ತೋರಿಸಿದರು. ಮೇಲಿನದು ಮರದ ಚಿತ್ರದ ಹಾಳೆ ಅಂತ ಗೊತ್ತಾದದ್ದೇ, "ಫೋಟೋ ಮೇಲೆ ಕುಣಿಯೋಕಾಗುತ್ತೇನಪ್ಪ?" ಅಂತ ಮಿಸ್ ಮುಂದೆ ಸರಿದರು. ಇಡೀ ಮರದ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ ಅಂತ ಸೇಲ್ಸಿನವರೇ ಅಂದರು. ಕೊನೆಗೆ ಎಂಜಿನಿಯರ್ಡ್ ವುಡ್‌ಗೆ ಬಂದೆವು. ಮೇಲೆ ನಿಜವಾದ ಓಕ್ ಮರದ ಪದರ, ಕೆಳಗೆ ಅಡ್ಡಡ್ಡ ಅಂಟಿಸಿದ ಪ್ಲೈ, ಹಾಗಾಗಿ ಹೆಚ್ಚು ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ. ಗೆಜ್ಜೆ ತಾಗಿ ಗೀರು ಬಿದ್ದರೆ ಮೇಲಿನ ಪದರ ದಪ್ಪವಿದ್ದಷ್ಟೂ ಉಜ್ಜಿ ಹೊಸದು ಮಾಡಬಹುದು. ಮಿರಿಮಿರಿ ಮಿಂಚುವ ಪಾಲಿಶ್ ಬೇಡ, ಬೆವರಿಗೆ ಕಾಲು ಜಾರುತ್ತದೆ ಅಂತ ನಾನು ಹೇಳಿದೆ. ಇಷ್ಟರವರೆಗೆ ನಾವು ಬುದ್ಧಿವಂತರೇ.

ಆಮೇಲೆ ಮಿಸ್ ಸ್ಯಾಂಡಲ್ ಬಿಚ್ಚಿದರು. ವಾಕರ್ ಪಕ್ಕಕ್ಕಿಟ್ಟು, ನನ್ನ ಭುಜ ಹಿಡಿದು, ಒಂದೊಂದು ಸ್ಯಾಂಪಲ್ಲಿನ ಮೇಲೂ ಬಲಗಾಲಿನಲ್ಲಿ ಒಂದೊಂದು ತಟ್ಟು. ನೋವಿಗೆ ತುಟಿ ಕಚ್ಚಿಕೊಂಡೇ ತಟ್ಟಿದರು. ಬೇರೆ ಗಿರಾಕಿಗಳು ಬಣ್ಣ ನೋಡುತ್ತಿದ್ದರೆ ಇವರು ಕಣ್ಣು ಮುಚ್ಚಿ ಕಿವಿ ಕೊಟ್ಟು ನಿಂತಿದ್ದರು. ಇದು ಸಪ್ಪೆ, ಇದು ಮೂಕ. ಕಿಟಕಿ ಪಕ್ಕ ತುಸು ಎತ್ತರದ ಜಗುಲಿಯಂಥದರ ಮೇಲೆ ಜೋಡಿಸಿದ್ದ ಜೇನುಬಣ್ಣದ ಹಲಗೆಗೆ ತಟ್ಟಿದಾಗ ಮಾತ್ರ 'ಧಿಂ' ಅಂತು. ಮಿಸ್ ಕಣ್ಣು ತೆರೆದರು. "ಇದು ಮಾತಾಡ್ತಿದೆ ಕಣೇ. ಇದೇ ಆಗ್ಲಿ."

ಹಲಗೆ ಬಂತು. ಮೊಸಾಯಿಕ್ಕಿನ ಮೇಲೆ ತೆಳುವಾದ ಫೋಮ್ ಹಾಸಿ, ಒಂದಕ್ಕೊಂದು ಕೊಕ್ಕೆ ಸೇರಿಸಿ ಸಂಜೆಯೊಳಗೆ ಹಾಕಿ ಹೋದರು. ನೋಡಲು ಬಲು ಚಂದ. ಮಿಸ್ ನನ್ನ ಭುಜ ಹಿಡಿದು ತಟ್ಟಿದರು. 'ಟಪ್' ಅಂತು. ಇನ್ನೊಂದು ಕಡೆ ತಟ್ಟಿದರು, ಅಲ್ಲೂ ಟಪ್. ಅಡಿಯಲ್ಲಿ ಅದೇ ಕಲ್ಲು, ಅದೇ ಬಿಗಿ. ನಾನು ಒಂದೇ ಒಂದು ಸಲ ಮೆಲ್ಲಗೆ ಕಾಲು ಹಾಕಿ ನೋಡಿದೆ, ಬಿರುಕಿದ್ದ ಜಾಗ ಚುರ್ ಅಂತು. ನನ್ನ ಕುಣಿತ ಅಲ್ಲಿಗೆ ಮುಗಿಯಿತು ಅಂತಲೇ ತಿಳಿದೆ.

ಮಾರನೆಯ ದಿನ ಸೇಲ್ಸಿನವರು ತಾವಾಗಿಯೇ ಬಂದು ನೋಡಿ, ತಲೆ ಕೆರೆದುಕೊಂಡು, "ಮೇಡಂ, ಅಲ್ಲಿ ಜಗುಲಿ ಕೆಳಗಡೆ ಟೊಳ್ಳಿತ್ತು. ನೀವು ಶಬ್ದ ಕೇಳ್ತಿದೀರಿ ಅಂತ ನಂಗೆ ಹೊಳೀಲೇ ಇಲ್ಲ" ಅಂದರು. ನೆಲವನ್ನು ಕಿವಿಯಿಂದ ಆರಿಸುವ ಗಿರಾಕಿಯನ್ನು ಆತ ಎಲ್ಲಿ ಕಂಡಿರಬೇಕು?

ನಾನು ಮಿಸ್ ಬೈಯುತ್ತಾರೆ ಅಂದುಕೊಂಡರೆ ಅವರು ಹೊಟ್ಟೆ ಹಿಡಿದು ನಕ್ಕರು. "ಮರ ಕೊಂಡ್ಕೊಂಡೆ ಅಂತಿದ್ದೆ. ನಂಗೆ ಬೇಕಾಗಿದ್ದು ಅದರ ಕೆಳಗಿನ ಗಾಳಿ ನೋಡು."

ಟಿ. ದಾಸರಹಳ್ಳಿಯಿಂದ ಒಬ್ಬ ಬಡಗಿ ಬಂದ. ಹಲಗೆ ಬಿಚ್ಚಿ, ಕೆಳಗೆ ರಬ್ಬರ್ ತುಂಡುಗಳ ಮೇಲೆ ಮರದ ಪಟ್ಟಿಗಳನ್ನು ಅಡ್ಡಡ್ಡ ಕೂರಿಸಿ, ಪ್ಲೈ ಹೊಡೆದು, ಅದರ ಮೇಲೆ ಹಲಗೆ ಹಾಕಬೇಕು, ಆಗ ನೆಲ ಕಾಲಿಗೆ ಬಗ್ಗುತ್ತದೆ ಅಂದ. ಹೇಳಿ ಮುಗಿಸಿ ಮಿಸ್ ವಾಕರ್ ಕಡೆ ನೋಡಿದ. "ಅಮ್ಮ, ನೆಲ ಅರ್ಧ ಗೇಣು ಮೇಲಕ್ಕೆ ಬರ್ತದೆ. ಊಟದ ಕೋಣೆಯಿಂದ ಹಾಲಿಗೆ ಒಂದು ಮೆಟ್ಲಾಗ್ತದೆ. ನಿಮ್ ಮಂಡಿಗೆ ಹತ್ತಾಕಾಗ್ತದಾ?"

"ಆಗಲ್ಲ" ಅಂದರು ಮಿಸ್. ಹಾಲು ಬೇಡ, ಕಾಫಿ ಸಾಕು ಅಂದಷ್ಟು ಸಲೀಸಾಗಿ.

ನನಗೆ ರೇಗಿತು. ವಾಕರ್ ಉರುಳುವ ಹಾಗೆ ಇಳಿಜಾರು ಮಾಡಿಸಿ ಅಂದೆ. ಅದೇ ಹಾಲಿನ ಕಾಲು ಭಾಗ ತಿನ್ನುತ್ತದೆ, ತಿರುಗುವಾಗ ಮಕ್ಕಳು ಎಡವಿ ಬೀಳುತ್ತಾರೆ ಅಂದರು. ಹಾಗಾದರೆ ಬೇಡವೇ ಬೇಡ, ನಾನು ಕುಣಿಯದಿದ್ದರೆ ಪ್ರಪಂಚವೇನೂ ಮುಳುಗುವುದಿಲ್ಲ, ನಿಮ್ಮ ಮನೆಯ ಹಾಲಿಗೆ ನೀವೇ ಕಾಲಿಡದ ಹಾಗೆ ಮಾಡಿಕೊಳ್ಳುತ್ತೀರಾ ಅಂತ ಬಡಗಿಯ ಎದುರಿಗೇ ಜಗಳಕ್ಕೆ ನಿಂತೆ.

ಮಿಸ್ ವಾಕರನ್ನು ನನ್ನ ಕಡೆ ತಿರುಗಿಸಿದರು. "ನಾನು ಕುಣಿದು ಮುಗೀತು ಕಣೇ. ನನ್ ಕಾಲದಲ್ಲಿ ನಂಗೆ ಯಾರೂ ನೆಲ ಹಾಕ್ಕೊಡ್ಲಿಲ್ಲ. ಅದಕ್ಕೆ ನೀನೂ ಕೂತ್ಕೋಬೇಕಾ?" ಅಂದು, ಬಡಗಿಯ ಕಡೆ ತಿರುಗಿ, "ಶುರು ಮಾಡಪ್ಪ" ಅಂದರು.

ನೆಲ ಮುಗಿಯಿತು, ನನ್ನ ಮೂಳೆಯೂ ಕೂಡಿತು. ಮೊದಲ ಸಂಜೆ ಮಿಸ್ ಊಟದ ಕೋಣೆಯಲ್ಲಿ, ಮೆಟ್ಟಿಲಿನ ಈಚೆ ಕುರ್ಚಿ ಹಾಕಿಕೊಂಡು ಕೂತರು. ನಾವು ಕುಣಿಯುವ ಮೊದಲು ಭೂಮಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ನಿನ್ನನ್ನು ಒದೆಯುತ್ತಿದ್ದೇನೆ, ಕ್ಷಮಿಸು ಅಂತ. ನಾನು ಬಗ್ಗಿ ಮುಟ್ಟಿ ಎದ್ದೆ. "ನಂದೂ ಒಂದು ಹಾಕ್ಬಿಡು" ಅಂದರು ಮಿಸ್. "ನಂಗೆ ಬಗ್ಗೋಕಾಗಲ್ಲ. ತುಂಬಾ ಒದ್ದಿದ್ದೀನಿ." ಮತ್ತೊಮ್ಮೆ ಬಗ್ಗಿದೆ. ಕೋಲು ಮಣೆಯ ಮೇಲೆ ಬಿತ್ತು. ನಾನು ತಟ್ಟಿದೆ. ನೆಲ ನನ್ನ ಕಾಲನ್ನು ಒಳಗೆ ತೆಗೆದುಕೊಂಡು ಮೆತ್ತಗೆ ವಾಪಸ್ ಕೊಟ್ಟಿತು. ನೋವಿರಲಿಲ್ಲ. ಮಿಸ್ ಏನೂ ಅನ್ನಲಿಲ್ಲ.

ಆಮೇಲೆ ಕೋಲಿನ ತುದಿ ನಮ್ಮ ಸೊಂಟಕ್ಕೆ ತಾಗಲೇ ಇಲ್ಲ. ಎಲ್ಲ ತಿದ್ದುಪಡಿ ಕುರ್ಚಿಯಿಂದಲೇ, ಬಾಯಲ್ಲೇ. ಎತ್ತಿ ಕೂರಿಸುತ್ತೇವೆ ಬನ್ನಿ ಅಂತ ಎಷ್ಟು ಸಲ ಕರೆದರೂ, "ನಾನೇನು ಉತ್ಸವಮೂರ್ತಿನಾ?" ಅಂತ ಗದರಿಸಿ ಕಳಿಸುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಮಿಸ್ ಮಲಗಿದವರು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಅವರ ತಂಗಿ ಹಾಲಿನಲ್ಲಿ ಚಾಪೆ ಹಾಸಿಸಿದ್ದರು. ನಾವು ಹಳೆಯ ಹುಡುಗಿಯರೇ ಕೈ ಹಾಕಿ ಅವರನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತಿಸಿದೆವು. ನಮಗಾಗಿ ಹಾಕಿಸಿದ ನೆಲದ ಮೇಲೆ ಅವರು ಬಂದದ್ದು ಅವತ್ತೇ.

ಈಗ ಬ್ಯಾಂಕಿನ ಕೆಲಸ ಮುಗಿಸಿ ಬಂದು ಸಂಜೆ ಆ ಕ್ಲಾಸನ್ನು ನಾನೇ ನಡೆಸುತ್ತೇನೆ. ಶುರು ಮಾಡುವಾಗ ಎರಡು ಸಲ ಬಗ್ಗುತ್ತೇನೆ. ಹೊಸ ಮಕ್ಕಳು ಯಾಕೆ ಮಿಸ್ ಎರಡು ಅಂತ ಕೇಳುತ್ತಾರೆ. ಒಂದು ನನ್ನದು, ಇನ್ನೊಂದು ಬಗ್ಗಲಾಗದವರದು ಅನ್ನುತ್ತೇನೆ.