ಕಮಲಾಪುರದಲ್ಲಿ ಒತ್ತಿದ ಗುಂಡಿ

ನಗರದ ಖೂಬಾ ಪ್ಲಾಟ್ ಬಡಾವಣೆಯ ಮನೆಯ ದೀಪ, ಫ್ಯಾನುಗಳ ಜೊತೆಗೆ ಹೊಸ ಎಸಿಯನ್ನೂ ಫೋನಿಗೆ ಜೋಡಿಸಿಕೊಂಡ ದಿನದಿಂದ ಸೂಗಪ್ಪ ಮಾಸ್ತರರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಸಂಜೆ ಕಮಲಾಪುರದ ಶಾಲೆ ಬಿಟ್ಟು ಬಸ್ಸು ಹತ್ತಿದ್ದೇ ತಡ, ಫೋನಿನಲ್ಲಿ ಗುಂಡಿ ಒತ್ತಿ ಪಕ್ಕದವರ ಮೂಗಿಗೇ ಹಿಡಿಯುತ್ತಾರೆ: "ನೋಡ್ರಿ, ನಾ ಇಲ್ಲಿ ಕುದಿಯಾಕತ್ತೀನಿ, ಅಲ್ಲಿ ಮನಿ ತಂಪಾಗಾಕತ್ತದ." ಕಂಡಕ್ಟರು ಊರು ಕೇಳಿದರೆ ಡಿಗ್ರಿ ಹೇಳುತ್ತಾರೆ. ಮಹಾಗಾಂವ ದಾಟುವಷ್ಟರಲ್ಲಿ ಅವರ ಪಡಸಾಲೆಯ ಹವಾಮಾನ ಇಡೀ ಬಸ್ಸಿಗೆ ಬಾಯಿಪಾಠ. ಮನೆ ಮುಟ್ಟಿದರೆ ತಟ್ಟೆಯಲ್ಲಿ ಹಬೆಯಾಡುವ ಜೋಳದ ರೊಟ್ಟಿ. ದಿನಾ ಇಷ್ಟು ಸರಿಯಾಗಿ ಹೇಗೆಂದು ಒಮ್ಮೆ ಕೇಳಿದ್ದಕ್ಕೆ ಹೆಂಡತಿ ಜಯದೇವಿ ಅಂದಳು: "ಬರಾಕತ್ತೀನಿ ಅಂತ ನೀವು ಎಂದೂ ಫೋನ್ ಮಾಡಿದವರಲ್ಲ. ಈಗ ಎಸಿ ಚಾಲೂ ಆತಂದ್ರ ನೀವು ಹೊಂಟೀರಿ ಅಂತ ರೊಟ್ಟಿಗೆ ಎಸರಿಡ್ತೀನ್ರಿ." ಅಂದಿನಿಂದ ಜನವರಿಯ ಥಂಡಿಯಲ್ಲೂ ಮಾಸ್ತರರು ಮಫ್ಲರ್ ಸುತ್ತಿಕೊಂಡೇ ಗುಂಡಿ ಒತ್ತುತ್ತಾರೆ, ಆದರೆ ಫೋನು ಯಾರಿಗೂ ತೋರಿಸುವುದಿಲ್ಲ.