ಬರ್ತೀನಿ ಅಂದವರು ಬಂದೇಬಿಟ್ಟರೆ

ಸಾಮ್ರಾಜ್ಯಗಳಿಗೆ ಕಾವಲು ಗೋಪುರಗಳಿದ್ದವು, ಬಂದರುಗಳಿಗೆ ದೀಪಸ್ತಂಭಗಳಿದ್ದವು. ನಮ್ಮ ಬೀದಿಗೆ ಮೂಲೆಮನೆಯ ಮೊದಲ ಮಹಡಿಯ ಕಿಟಕಿಯಿತ್ತು, ಆ ಕಿಟಕಿಯಲ್ಲಿ ನಮ್ಮ ಅತ್ತಿಗೆ ಇದ್ದರು. ಮಹಾನ್ ಸೇನಾಪತಿಗಳು ಶತ್ರುವಿನ ಪತ್ರ ಕದ್ದು ಓದಿ ಯುದ್ಧ ಗೆದ್ದರಂತೆ. ಅತ್ತಿಗೆಗೆ ಪತ್ರವೇ ಬೇಕಿರಲಿಲ್ಲ. ಯಾರು ಯಾರ ಮನೆಗೆ ಹೋದರು, ಎಷ್ಟು ಹೊತ್ತು ಇದ್ದರು, ಹೋಗುವಾಗ ಕೈಯಲ್ಲಿ ಏನಿತ್ತು, ಬರುವಾಗ ಏನಿತ್ತು, ಇಷ್ಟು ಕಂಡರೆ ಸಾಕು. ಎದುರುಮನೆ ದರ್ಜಿಯ ಮಗಳಿಗೆ ಮದುವೆ ಗೊತ್ತಾದದ್ದು ದರ್ಜಿಗಿಂತ ಎರಡು ದಿನ ಮೊದಲೇ ನಮ್ಮ ಮನೆಗೆ ತಿಳಿದಿತ್ತು. ಮೂರನೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಅವರಿಬ್ಬರಿಗೇ ಸರಿಯಾಗಿ ಮನದಟ್ಟಾಗುವ ಮೊದಲು ಅತ್ತಿಗೆ ಘೋಷಿಸಿಯಾಗಿತ್ತು.

"ಕದ್ದು ಕೇಳೋ ಚಟ," ಎನ್ನುತ್ತಿದ್ದರು ನಮ್ಮಮ್ಮ.

ಅತ್ತಿಗೆಗೆ ಸಿಟ್ಟು ಬರುತ್ತಿದ್ದದ್ದು ಆ ಒಂದು ಮಾತಿಗೆ ಮಾತ್ರ. "ಅತ್ತೆ, ನಾನು ಯಾರ ಮಾತನ್ನೂ ಕೇಳಲ್ಲ. ನೋಡ್ತೀನಿ ಅಷ್ಟೆ. ಮಾತು ಕಟ್ಕೊಂಡು ನನಗೇನಾಗಬೇಕು?"

ಹಗಲಿನಲ್ಲಿ ಅವರಿಗೆ ಇನ್ನೊಂದು ಕಿಟಕಿಯಿತ್ತು. ಕಣ್ಣಾಸ್ಪತ್ರೆಯ ಮುಂದಿನ ಹಜಾರದಲ್ಲಿ ಗಾಜಿನ ಗೂಡೊಂದು, ಅದರೊಳಗೆ ಟೆಲಿಫೋನ್ ಬೋರ್ಡು, ಬೋರ್ಡಿನ ಮುಂದೆ ತಿರುಗುವ ಕುರ್ಚಿ. ಬಂದ ಕರೆಯನ್ನು ಎತ್ತಿ, ಬೇಕಾದ ಕೋಣೆಗೆ ಜೋಡಿಸುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಕೂತು ಕೂತು, ಆ ಕುರ್ಚಿಯ ಎಡಗೈಯ ರೆಗ್ಸಿನ್ ಅವರ ಮೊಣಕೈಯ ಅಳತೆಗೆ ಗುಳಿಬಿದ್ದಿತ್ತು.

ಹೀಗಿರುವಾಗ ಆಸ್ಪತ್ರೆಗೆ ಒಂದು ಪೆಟ್ಟಿಗೆ ಬಂತು. ಬೂದು ಬಣ್ಣ, ಊಟದ ಡಬ್ಬಿಯಷ್ಟು ಗಾತ್ರ. ಫೋನ್ ಮಾಡಿದವರಿಗೆಲ್ಲ, "ಕಣ್ಣಿನ ಪರೀಕ್ಷೆಗೆ ಒಂದನ್ನು ಒತ್ತಿ," ಎಂದು ಜೇನು ಸುರಿದ ದನಿಯಲ್ಲಿ ಹೇಳಿ, ಅವರ ಹೆಸರು, ನಂಬರು ಕೇಳಿ ಬರೆದಿಟ್ಟುಕೊಳ್ಳುವ ಯಂತ್ರ. ನಮ್ಮಣ್ಣ ಗಡಿಯಾರ ರಿಪೇರಿಯವನು. ಅವನು ತಿಂಗಳಿಗೊಂದು ಮಾತಾಡಿದರೆ ಹೆಚ್ಚು. ಆ ತಿಂಗಳ ಮಾತನ್ನು ಅವನು ಇದಕ್ಕೇ ಖರ್ಚು ಮಾಡಿದ: "ಹಾಗಾದ್ರೆ ನಿಂಗೊಬ್ಬಳು ಸವತಿ ಬಂದ್ಲು ಅನ್ನು."

ಅಂದಿನಿಂದ ಮನೆಯಲ್ಲಿ ಅದರ ಹೆಸರು ಸವತಿ. ಮನೆಯಿಂದ ಹೆಸರು ಆಸ್ಪತ್ರೆಗೂ ನಡೆದುಹೋಯಿತು.

ಆಡಳಿತದವರು ಅತ್ತಿಗೆಯನ್ನು ಕರೆದು ಮರ್ಯಾದೆಯಿಂದಲೇ ಹೇಳಿದರು. ಗಾಜಿನ ಗೂಡು ಇನ್ನು ಬೇಡ. ಕಂಪ್ಯೂಟರ್ ಕೋಣೆಯಲ್ಲಿ ಒಂದು ಕುರ್ಚಿ ಖಾಲಿಯಿದೆ. ಆಸ್ಪತ್ರೆಯ ಯಂತ್ರಗಳ ನಡುವೆ ಏನೇನು ಓಡಾಡುತ್ತದೆ ಎಂದು ಕಾಯುವ ಕೆಲಸ. ಮೂರು ತಿಂಗಳು ಕಲಿಯಬಹುದು. ಕೊನೆಗೆ ಪರೀಕ್ಷೆ. ಪಾಸಾದರೆ ಆ ಕುರ್ಚಿ, ಇಲ್ಲವಾದರೆ ಮನೆ. ಅತ್ತಿಗೆಗೆ ಆಗ ನಲವತ್ತೆಂಟು. ಕಂಪ್ಯೂಟರಿನ ಮೇಲೆ ಅವರು ಅದುವರೆಗೆ ಮಾಡಿದ್ದ ಒಂದೇ ಕೆಲಸ ಧೂಳು ಒರೆಸಿದ್ದು.

"ಇಷ್ಟು ದಿನ ಬೀದಿ ನೋಡಿದ್ದು ಸಾಲದು ಅಂತ ಇನ್ನು ತಂತಿ ಒಳಗೂ ಇಣುಕ್ತಾಳೆ," ಎಂದರು ನಮ್ಮಮ್ಮ.

ಕಲಿಸಲು ನಿಂತವರು ಕಂಪ್ಯೂಟರ್ ಕೋಣೆಯ ಮೇಡಂ. ಅತ್ತಿಗೆಗಿಂತ ಹದಿನಾಲ್ಕು ವರ್ಷ ಚಿಕ್ಕವರು, ಸದಾ ಪೆನ್ಸಿಲ್ ಕಚ್ಚುವವರು. ಮೊದಲ ದಿನ ಪರದೆಯ ಮೇಲೆ ಸಾಲುಸಾಲಾಗಿ ಅಂಕಿಗಳು ಹರಿದವು. ಒಂದೊಂದು ಸಾಲೂ ಒಂದು ಪ್ಯಾಕೆಟ್. ಯಂತ್ರಗಳು ಮಾತನ್ನು ತುಂಡು ಮಾಡಿ, ಪೊಟ್ಟಣ ಕಟ್ಟಿ ಕಳಿಸುತ್ತವೆಯಂತೆ.

"ಒಳಗೇನಿದೆ ಅಂತ ಓದೋಕಾಗಲ್ಲ ಅಮ್ಮ, ಎಲ್ಲಕ್ಕೂ ಬೀಗ," ಎಂದರು ಮೇಡಂ ಬೇಸರದಿಂದ. "ಯಾರಿಂದ ಯಾರಿಗೆ, ಯಾವಾಗ, ಎಷ್ಟು ದೊಡ್ಡದು. ಇಷ್ಟೇ ಕಾಣೋದು."

"ಅಷ್ಟು ಸಾಕಲ್ಲ," ಎಂದರು ಅತ್ತಿಗೆ.

ಮೇಡಂ ಪೆನ್ಸಿಲ್ ಬಾಯಿಂದ ತೆಗೆದು ಅವರನ್ನೊಮ್ಮೆ ನೋಡಿದರಂತೆ.

ಮಾತು ಶುರುವಾಗುವ ಮುನ್ನ ಎರಡು ಯಂತ್ರಗಳ ನಡುವೆ ಮೂರು ಪುಟ್ಟ ಪ್ಯಾಕೆಟ್ ಓಡಾಡುವುದನ್ನು ಮೇಡಂ ಬೋರ್ಡಿನ ಮೇಲೆ ಬಾಣ ಹಾಕಿ ವಿವರಿಸಿದರು. ಅತ್ತಿಗೆ ತಮ್ಮ ನೋಟ್‌ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗೆ: ಹಲೋ. ಹಾಂ ಹಲೋ, ಹೇಳಿ. ಹಾಂ, ಹೇಳ್ತೀನಿ. ಮಾತು ಮುಗಿದಾಗ ಎರಡೂ ಕಡೆಯಿಂದ ಬೀಳ್ಕೊಡುಗೆಯ ಪ್ಯಾಕೆಟ್ ಹೋಗುತ್ತದೆ. ಅದಕ್ಕೆ: ಬರ್ತೀನಿ. ಹೂಂ. ನಾನೂ ಬರ್ತೀನಿ. ಹೂಂ. ಬರ್ತೀನಿ ಅನ್ನದೆ ಮಾತು ತಟ್ಟನೆ ಕಡಿದರೆ: ಫೋನು ಕುಕ್ಕಿದರು. ಆ ಪುಸ್ತಕವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಓದಿದವರಿಗೆ ಆಸ್ಪತ್ರೆಯ ಯಂತ್ರಗಳೆಲ್ಲ ಒಳ್ಳೇ ಮನೆತನದವು ಎಂಬ ಭಾವನೆ ಬರುತ್ತದೆ.

ಐದನೇ ವಾರ ಮಹಾ ಯುದ್ಧವೊಂದು ನಡೆಯಿತು. ಅತ್ತಿಗೆ ಒಬ್ಬ ಕಳ್ಳನನ್ನು ಹಿಡಿದರು. ಆಸ್ಪತ್ರೆಯ ಯಂತ್ರಗಳೆಲ್ಲ ಒಂದೇ ವಿಳಾಸಕ್ಕೆ, ಅಳೆದಿಟ್ಟ ಹೊತ್ತಿಗೆ, ಹಲೋ ಇಲ್ಲ ಬರ್ತೀನಿ ಇಲ್ಲ, ಒಂದು ಪೊಟ್ಟಣ ಎಸೆದು ಒಂದು ಪೊಟ್ಟಣ ಹಿಡಿದುಕೊಂಡು ಬರುತ್ತಿದ್ದವು. ಅತ್ತಿಗೆ ಮಹಡಿ ಪೂರ್ತಿ ಕೇಳುವಂತೆ ಕೂಗಿದರು. ಮೇಡಂ ಓಡಿ ಬಂದರು, ಆಡಳಿತದವರು ಓಡಿ ಬಂದರು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ರೋಗಿಯೊಬ್ಬರೂ ಗೋಡೆ ಹಿಡಿದುಕೊಂಡು ಬಂದರು.

ಮೇಡಂ ಪರದೆ ನೋಡಿ ತುಟಿ ಕಚ್ಚಿ ನಗು ತಡೆದರು. "ಅಮ್ಮ, ಅದು ಗಡಿಯಾರ. ನಮ್ಮದೇ ಗಡಿಯಾರ. ಟೈಮ್ ಎಷ್ಟು ಅಂತ ಎಲ್ಲ ಅದನ್ನ ಕೇಳ್ತವೆ."

ಗಡಿಯಾರ ರಿಪೇರಿಯವನ ಹೆಂಡತಿ ಗಡಿಯಾರದ ಮೇಲೇ ಕಳ್ಳತನ ಹೊರಿಸಿದ ಸುದ್ದಿ ಸಂಜೆಯೊಳಗೆ ಬೀದಿ ತಲುಪಿತು. ದರ್ಜಿ ಎದುರಿನಿಂದ, "ಅಕ್ಕಾ, ಟೈಮೆಷ್ಟು?" ಎಂದು ಕೂಗಿದ. ಅಣ್ಣ ಮಾತ್ರ ಹೊಸ ತಿಂಗಳ ಮಾತನ್ನೂ ಆಡಿಬಿಟ್ಟ: "ಬೇರೇನೂ ಕೆಲಸ ಇಲ್ಲದೆ ಬರೀ ಟೈಮ್ ಕೇಳೋರು ಹಲೋ ಅನ್ನಲ್ಲ ಕಣೆ. ನನ್ನಂಗಡಿ ಮುಂದೆ ದಿನಾ ನೋಡ್ತೀನಿ."

ಅತ್ತಿಗೆ ಅದನ್ನೂ ಬರೆದುಕೊಂಡರು.

ಪರೀಕ್ಷೆಯ ದಿನ ಬಂತು. ಹಿಂದಿನ ದಿನ ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿ ಓಡಾಡಿದ ಪ್ಯಾಕೆಟ್‌ಗಳನ್ನೆಲ್ಲ ಮೇಡಂ ಹಿಡಿದಿಟ್ಟಿದ್ದರು. ಯಾವುದೋ ಒಂದು ಯಂತ್ರದಲ್ಲಿ, ಗುಟ್ಟಾಗಿ ಹೊರಗೆ ಮಾತಾಡುವ ಒಬ್ಬ ಸುಳ್ಳು ಕಳ್ಳನನ್ನು ಅವರೇ ಇಟ್ಟಿದ್ದರು. ಅದು ಯಾವ ಯಂತ್ರ ಎಂದು ಬರೆಯಬೇಕು. ಉತ್ತರದ ಹಾಳೆಯಲ್ಲಿ ಒಂದೇ ಗೆರೆಯಿತ್ತು.

ಹನ್ನೊಂದು ಗಂಟೆಗೆ ಅತ್ತಿಗೆ ಗೆರೆಯ ಮೇಲೆ ಬರೆದರು: ಕನ್ನಡಕದ ಉಗ್ರಾಣದ ಯಂತ್ರ. ಅದು ಸರಿಯುತ್ತರ. ಎದ್ದು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಏಳಲಿಲ್ಲ. ಒಂದು ಗಂಟೆಗೆ ಗೆರೆಯ ಕೆಳಗೆ ಇನ್ನೊಂದು ಹೆಸರು ಬರೆದರು.

ಮೇಡಂ ಹಾಳೆ ನೋಡಿದರು. ಪೆನ್ಸಿಲ್ ಕಚ್ಚಿದರು. "ಅಮ್ಮ, ಮೊದಲನೇದು ಸರಿ. ಎರಡನೇದು ಹೊಡೆದುಹಾಕಿ. ನಾನಿಟ್ಟಿದ್ದು ಒಂದೇ."

"ನೀವಿಟ್ಟಿದ್ದು ಒಂದು. ಇನ್ನೊಂದನ್ನ ಇಟ್ಟೋರು ಯಾರು?"

"ಅಮ್ಮ, ಇದು ಸವತಿ."

"ಹೂಂ. ಅವಳೇ."

ಮೇಡಂ ದನಿ ತಗ್ಗಿಸಿದರು. "ನೋಡಿ, ಆವತ್ತು ಗಡಿಯಾರ. ಇವತ್ತು ನಿಮ್ಮ ಕೆಲಸ ಕಿತ್ಕೊಂಡ ಪೆಟ್ಟಿಗೆ. ಆಡಳಿತದವರು ಏನಂತಾರೆ? ಹೊಟ್ಟೆಕಿಚ್ಚು ಅಂತಾರೆ. ಆ ಹಾಳೆ ಹೀಗೇ ಮೇಲೆ ಹೋದರೆ ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಅತ್ತಿಗೆ ಹೊಡೆದುಹಾಕಲಿಲ್ಲ. ಪರದೆಯನ್ನು ಮೇಡಂ ಕಡೆ ತಿರುಗಿಸಿದರು.

"ಬೆಳಿಗ್ಗೆ ಆರು ಗಂಟೆ. ಇನ್ನೂ ಆಸ್ಪತ್ರೆ ತೆಗೆದಿಲ್ಲ, ಒಂದು ಕರೆ ಬಂದಿಲ್ಲ. ಇವಳು ಹೊರಗೆ ಯಾರಿಗೋ ಹಲೋ ಅಂದಳು, ಎರಡು ಮಾತಾಡಿದಳು, ಬರ್ತೀನಿ ಅಂದಳು. ಏಳು ನಿಮಿಷ ಆಯ್ತು. ಬಂದೇಬಿಟ್ಟಳು! ಮತ್ತೆ ಬರ್ತೀನಿ ಅಂದಳು. ಮತ್ತೆ ಏಳು ನಿಮಿಷ, ಮತ್ತೆ ಹಾಜರು. ಮೇಡಂ, ಬರ್ತೀನಿ ಅಂತ ಹೋದವರು ಯಾರಾದ್ರೂ ನಿಜವಾಗ್ಲೂ ಬರ್ತಾರಾ? ಅದೂ ಗಡಿಯಾರ ನೋಡ್ಕೊಂಡು?"

"ತಯಾರು ಮಾಡಿದ ಕಂಪನಿಗೆ ಹೋಗ್ತಿರಬಹುದು. ಹೊಸದೇನಾದ್ರೂ ಕಲಿಯೋಕೆ."

"ಕಲಿಯೋಕೆ ಹೋದವರು ಹೊತ್ಕೊಂಡು ಬರ್ತಾರೆ. ಇವಳು ಹೊತ್ಕೊಂಡು ಹೋಗಿ ಖಾಲಿ ಕೈಲಿ ಬರ್ತಿದಾಳೆ. ಒಂಬತ್ತು ಗಂಟೆ ಆದಮೇಲೆ ನೋಡಿ, ಕರೆ ಬಂದಷ್ಟೂ ಮೂಟೆ ದಪ್ಪ. ಆ ವಿಳಾಸಕ್ಕೆ ಈ ಕಟ್ಟಡದಲ್ಲಿ ಇನ್ಯಾರೂ ಹೋಗಲ್ಲ. ಇವಳೊಬ್ಬಳೇ."

ಮೇಡಂ ಸಾಲುಗಳನ್ನು ತಾವೇ ಎಣಿಸಿದರು. ಏಳು. ಏಳು. ಏಳು. ಪೆನ್ಸಿಲ್ ಮೇಜಿನ ಮೇಲಿಟ್ಟು, ಕೆಳಗಿಳಿದು ಹೋಗಿ, ಸವತಿಯ ತಂತಿ ಕಿತ್ತರು.

ಪೆಟ್ಟಿಗೆ ಬಿಚ್ಚಿ ನೋಡಲು ಎರಡು ದಿನ ಹಿಡಿಯಿತು. ಫೋನ್ ಮಾಡಿದವರ ಹೆಸರು, ನಂಬರುಗಳನ್ನೆಲ್ಲ ಯಾರೋ ಅದರೊಳಗೆ ಹೊಕ್ಕು ಹೊರಗೆ ಸಾಗಿಸುತ್ತಿದ್ದರು. ಆ ಎರಡು ದಿನ ಅತ್ತಿಗೆ ಗಾಜಿನ ಗೂಡಿನಲ್ಲಿ ತಮ್ಮ ಹಳೇ ಕುರ್ಚಿಯ ಮೇಲೆ ಕೂತು ಕರೆ ಜೋಡಿಸಿದರು. ಮೂರನೇ ದಿನ ಸವತಿ ಶುದ್ಧಳಾಗಿ, ಸೀದಾ ಹೆಂಗಸಾಗಿ ಕೆಲಸಕ್ಕೆ ಮರಳಿದಳು. ಅತ್ತಿಗೆ ಕಂಪ್ಯೂಟರ್ ಕೋಣೆಯ ಕುರ್ಚಿಗೆ ಹೋದರು.

ಬೀದಿ ಈ ಕಥೆಯನ್ನು ಸುಮ್ಮನೆ ಬಿಡುತ್ತದೆಯೇ? ದರ್ಜಿಯ ಪ್ರಕಾರ ಅತ್ತಿಗೆ ಪರದೆಯನ್ನು ಮೂಸಿ ನೋಡಿ ಕಂಡುಹಿಡಿದರು. ನಮ್ಮಮ್ಮ ಈಗ ಬಂದವರಿಗೆಲ್ಲ, "ನಮ್ಮ ಸೊಸೆ ಕಿಟಕಿ ಹತ್ತಿರ ಕೂತ್ರೆ ಸುಮ್ಮನೆ ಕೂರಲ್ಲ, ಅದು ಅಭ್ಯಾಸ," ಎನ್ನುತ್ತಾರೆ. ನಾನಂತೂ ಭಾನುವಾರ ಅವರ ಕಿಟಕಿಯ ಬಳಿಗೇ ಹೋಗಿ, ಗಂಟಲು ಸರಿಮಾಡಿಕೊಂಡು ಕೇಳಿದೆ: "ಅತ್ತಿಗೆ, ಲಕ್ಷಗಟ್ಟಲೆ ಸಾಲುಗಳ ಆ ಮಹಾಸಾಗರದಲ್ಲಿ, ಕೆಲಸ ಕೈಬಿಟ್ಟು ಹೋಗೋ ಆ ಗಳಿಗೆಯಲ್ಲಿ, ಸರಿಯುತ್ತರ ಬರೆದಾದ ಮೇಲೂ ಎರಡು ಗಂಟೆ ಅಲ್ಲೇ ಕೂತಿರಿ ಅಂತ ನಿಮಗೆ ಹೇಳಿದ್ದು ಯಾವ ಶಕ್ತಿ?"

ಅತ್ತಿಗೆ ಬೀದಿಯಿಂದ ಕಣ್ಣು ತೆಗೆಯಲಿಲ್ಲ.

"ಊಟಕ್ಕೆ ಬಿಡೋದು ಒಂದು ಗಂಟೆಗಪ್ಪ. ಅಲ್ಲೀತನಕ ಸುಮ್ಮನೆ ಕೂತು ಏನು ಮಾಡಲಿ?"