ನೀರಾಗಿನ ಊರು, ಇಲ್ಲಿನ ಊರು

ಶನಿವಾರ ಶಾಲೆ ಬಿಟ್ಟ ಮೇಲೆ ಹೆಡ್ ಮಾಸ್ತರರು ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ನನ್ನ ಬ್ಲಾಗಿನ ಒಂದು ಬರಹದ ಪ್ರಿಂಟ್ ಇತ್ತು, ಓದಿದವರ ಉತ್ತರಗಳ ಸಮೇತ. ಬೀಳಗಿಯ ಶಿಕ್ಷಣಾಧಿಕಾರಿ ಸಾಹೇಬರ ಕಚೇರಿಯಿಂದ ಬಂದಿತ್ತು. ಅಲ್ಲಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ.

"ಸೋಮವಾರ ಸಾಹೇಬ್ರು ಬರ್ತಾರ. ಅಷ್ಟರಾಗ ಇದನ್ನ ಅಳಸ್ರಿ, ಅಕ್ಕಾರ."

"ಈ ಒಂದ ಬರಹಾನೋ, ಎಲ್ಲಾನೋ?"

"ಬೇರಸಮೇತ. ಮುಳುಗಡಿ ಅಂತ ಬರದೀರಲ್ಲ, ಸರಕಾರದ ಮ್ಯಾಲ ತಕರಾರು ಅಂತ ಓದ್ತಾರ ಮಂದಿ."

ಅದರಲ್ಲಿ ತಕರಾರು ಇರಲಿಲ್ಲ. ಇದ್ದದ್ದು ಒಂದು ಪ್ರಶ್ನೆ. ಏಳನೆಯ ತರಗತಿಗೆ ಊರಿನ ನಕಾಶೆ ಬಿಡಿಸಲು ಹೇಳಿದ್ದೆ. ನಮ್ಮದು ಅಣೆಕಟ್ಟಿನ ಹಿನ್ನೀರಿಗಾಗಿ ಎಬ್ಬಿಸಿ ದಿನ್ನೆಯ ಮೇಲೆ ತಂದು ಕೂರಿಸಿದ ಊರು. ನೇರ ರಸ್ತೆಗಳು, ಒಂದೇ ಅಳತೆಯ ನಿವೇಶನಗಳು. ಮಕ್ಕಳು ಬಿಡಿಸಿದ್ದು ಅದನ್ನಲ್ಲ. ಊರ ಬಾಗಿಲಾದ ಅಗಸಿ, ಕುಂಬಾರ ಓಣಿ, ಓಣಿಯ ತುದಿಗೆ ಹೊಳೆ. ಅವರು ಹುಟ್ಟುವ ಮೊದಲೇ ಮುಳುಗಿದ ಊರು. ಹಿರಿಯರು ಈಗಲೂ ಅದೇ ಊರಿನ ಗುರುತು ಹೇಳುತ್ತಾರೆ. ಬಾಗಿಲೇ ಇಲ್ಲದ ಬಯಲಿನಲ್ಲಿ 'ಅಗಸಿ ಹಂತ್ಯಾಕ ನಿಂದ್ರು' ಎನ್ನುತ್ತಾರೆ. ಆ ಹಾಳೆಗಳನ್ನು ಸರಿಯೆನ್ನಲೂ ಆಗಲಿಲ್ಲ, ತಪ್ಪೆನ್ನಲೂ ಆಗಲಿಲ್ಲ.

ಸಮಾಜ ವಿಜ್ಞಾನಕ್ಕೆ ಶಾಲೆಯಲ್ಲಿ ನಾನೊಬ್ಬಳೇ. ವರ್ಷಕ್ಕೊಮ್ಮೆ ತರಬೇತಿ, ಅಲ್ಲಿ ಹೇಳುವವರು ಹೇಳುತ್ತಾರೆ, ಕೇಳುವವರು ಊಟದ ಹೊತ್ತು ನೋಡುತ್ತಾರೆ. ಪಾಠ ಕೆಟ್ಟಾಗ ಯಾರನ್ನು ಕೇಳುವುದು? ಅದಕ್ಕೇ ಜಮಖಂಡಿಯ ಸೈಬರ್ ಸೆಂಟರಿನಲ್ಲಿ ಬ್ಲಾಗ್ ಶುರುಮಾಡಿದ್ದೆ. ಬರೆಯುತ್ತಿರುವಾಗಲೇ ಪಾಠ ಎಲ್ಲಿ ಜಾರಿತೆಂದು ಅರ್ಧ ತಿಳಿಯುತ್ತಿತ್ತು. ಉಳಿದದ್ದನ್ನು ಓದಿದವರು ಹೇಳುತ್ತಿದ್ದರು. ನಕಾಶೆಯ ಪ್ರಶ್ನೆಗೆ ರಬಕವಿಯ ಒಬ್ಬ ಶಿಕ್ಷಕಿ ಉತ್ತರಿಸಿದ್ದರು. ನಾನು ಅವರನ್ನು ನೋಡಿದವಳಲ್ಲ. 'ಹಳೆಯದನ್ನು ಒರೆಸಬೇಡಿ. ಮೊದಲು ಅದನ್ನೇ ಪೂರ್ತಿ ಬಿಡಿಸಲಿ. ಆಮೇಲೆ ಹೊರಗೆ ನಡೆಸಿ, ಹೊಸದನ್ನು ಪಕ್ಕದ ಹಾಳೆಯಲ್ಲಿ ಬಿಡಿಸಲಿ.' ಹಾಗೆಯೇ ಮಾಡುತ್ತ ಬಂದಿದ್ದೆ.

ಆ ಸಂಜೆ ಜಮಖಂಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಅಳಿಸುವ ಗುಂಡಿ ಒತ್ತಿದೆ. ಖಚಿತವೇ ಎಂದು ಪರದೆ ಕೇಳಿತು. ಅಳಿಸಿದರೆ ಆ ಶಿಕ್ಷಕಿಯ ಮಾತೂ ಹೋಗುತ್ತಿತ್ತು. ಮತ್ತೆ ಕೇಳಲು ಅವರ ವಿಳಾಸ ನನ್ನಲ್ಲಿರಲಿಲ್ಲ. ಬೇಡವೆಂದು ಒತ್ತಿ ಎದ್ದೆ.

ಸೋಮವಾರ ಸಾಹೇಬರು ನೇರ ತರಗತಿಗೆ ಬಂದರು.

"ನಕಾಶೆ ಕಲಸಾಕ ಬರವಲ್ದು ಅಂತ ನೀವ ಬರದೀರಿ. ಮತ್ತ ಪಗಾರ ಯಾತಕ್ಕ ತಗೋತೀರಿ?"

ಅವರ ಹಿಂದೆ ನಿಂತಿದ್ದ ಹೆಡ್ ಮಾಸ್ತರರು ನೆಲ ನೋಡಿದರು.

"ಬರವಲ್ದು ಅಂತ ಗೊತ್ತಾದ ಮ್ಯಾಲ ಕಲಿಯಾಕತ್ತೇನ್ರಿ," ಎಂದೆ.

ಸಾಹೇಬರು ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದರು. "ನಿಮ್ಮ ಮನಿ ಎಲ್ಲೈತಿ, ಬೋರ್ಡಿನ ಮ್ಯಾಲ ತಗದು ತೋರಸು."

ಹುಡುಗಿ ಖಡು ಹಿಡಿದು ತಿರುಗಿದಳು. "ಯಾವ ಊರಾಗಿಂದ್ರಿ, ಸರ್? ನೀರಾಗಿಂದೋ, ಇಲ್ಲಿದೋ?"

ಯಾರೂ ನಗಲಿಲ್ಲ.

"ಇಲ್ಲಿದು," ಎಂದರು ಸಾಹೇಬರು.

ಅವಳು ಉತ್ತರ ದಿಕ್ಕಿಗೆ ಬಾಣ ಹಾಕಿದಳು. ನೀರಿನ ಟಾಕಿ, ದೊಡ್ಡ ರಸ್ತೆ, ಎಡಕ್ಕೆ ಹೊರಳಿ ತಮ್ಮ ಮನೆ. ಸಾಹೇಬರು ಕಿಟಕಿಯಿಂದ ಟಾಕಿ ನೋಡಿದರು, ಮತ್ತೆ ಬೋರ್ಡು ನೋಡಿದರು. ಪ್ರಿಂಟನ್ನು ಮಡಚಿದರು.

"ಇದ್ದದ್ದು ಇರ್ಲಿ. ಬ್ಲಾಗಿಗೆ ಏನ ಮಾಡಬೇಕಂತ ಲಿಖಿತ ಆದೇಶ ಕಳಸ್ತೀನಿ. ಅಲ್ಲೀತನಕ ಹೊಸದೇನೂ ಬರಿಬ್ಯಾಡ್ರಿ."

ಬೇಸಿಗೆ ರಜೆ ಮುಗಿದರೂ ಆದೇಶ ಬರಲಿಲ್ಲ. ಟಪಾಲು ಬಂದಾಗಲೆಲ್ಲ ಹೆಡ್ ಮಾಸ್ತರರು ಲಕೋಟೆ ಒಡೆಯುವ ಮೊದಲು ನನ್ನ ಕಡೆ ನೋಡುತ್ತಿದ್ದರು. ಕೊನೆಗೆ ಒಂದು ಶನಿವಾರ ಆ ಹುಡುಗಿಯ ಪ್ರಶ್ನೆಯನ್ನು ಬ್ಲಾಗಿನಲ್ಲಿ ಬರೆದು ಹಾಕಿದೆ. ಶಾಲೆಯ ಹೆಸರು, ಊರಿನ ಹೆಸರು ಬಿಟ್ಟೆ. ಸೋಮವಾರ ಹೋಗಿ ಹೆಡ್ ಮಾಸ್ತರರಿಗೆ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು.

"ಆದೇಶ ಬಂತಂದ್ರ ಇಬ್ರಿಗೂ ವರ್ಗ. ತಿಳ್ಕೋರಿ."

"ಹೂಂ ರಿ."

ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಕೇಳಿದರು: "ಇದಕ್ಕ ಆ ರಬಕವಿ ಅಕ್ಕಾರು ಏನಂದ್ರು?"